ಅರ್ಧಕ್ಕೆ ನಿಂತ ಹಂಚಿಕೆ

ಹಲವು ಹಾರ್ಡ್ ಡಿಸ್ಕ್‌ಗಳನ್ನು ಒಂದಾಗಿ ದುಡಿಸುವ ವ್ಯವಸ್ಥೆಯೇ ‘ರೇಡ್’. ಅಮೆರಿಕದ ಬರ್ಕ್ಲಿಯಲ್ಲಿ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ಪ್ರಸಿದ್ಧವಾಯಿತು. ಇದರ ಐದನೇ ಬಗೆಯ ಗುಟ್ಟು ಶಾಲೆಯ ಕೂಡುವ ಲೆಕ್ಕದಂತಿದೆ. ಒಂದು ಡಿಸ್ಕ್‌ನಲ್ಲಿ 3, ಇನ್ನೊಂದರಲ್ಲಿ 5, ಮೂರನೆಯದರಲ್ಲಿ ಮೊತ್ತ 8 ಇದೆಯೆನ್ನಿ. ಯಾವುದೇ ಒಂದು ಕೆಟ್ಟರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು.

ಜಾಗ ಸಾಲದೆ ನಾಲ್ಕನೇ ಡಿಸ್ಕ್ ಸೇರಿಸಿದಾಗ ಮಾಹಿತಿಯನ್ನೆಲ್ಲ ಹೊಸದಾಗಿ ಹಂಚಬೇಕು. ಗಂಟೆಗಟ್ಟಲೆ ಹಿಡಿಯುವ ಈ ಕೆಲಸದ ನಡುವೆ ಕರೆಂಟು ಹೋದರೆ? ಒಂದಷ್ಟು ಮಾಹಿತಿ ಹೊಸ ಕ್ರಮದಲ್ಲಿ, ಉಳಿದದ್ದು ಹಳೆಯ ಕ್ರಮದಲ್ಲಿ ನಿಂತುಬಿಡುತ್ತದೆ. ಆದರೆ ಅಳಿದಿರುವುದಿಲ್ಲ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವ ತಂತ್ರಾಂಶ, ಹಂಚಿಕೆ ಎಲ್ಲಿಯವರೆಗೆ ಬಂತೆಂಬ ಗುರುತನ್ನು ಡಿಸ್ಕ್‌ಗಳಲ್ಲೇ ಬರೆದಿಡುತ್ತದೆ. ಡಿಸ್ಕ್‌ಗಳನ್ನು ಸರಿಯಾಗಿ ಮರುಜೋಡಿಸಿದರೆ ಕೆಲಸ ಸಾಮಾನ್ಯವಾಗಿ ಅಲ್ಲಿಂದಲೇ ಮುಂದುವರಿಯುತ್ತದೆ.

ಗಾಬರಿಯಲ್ಲಿ ‘ಹೊಸದಾಗಿ ರಚಿಸು’ ಎಂಬ ಆದೇಶ ಕೊಟ್ಟರೆ ಆ ಗುರುತೇ ಮಾಯ! ಆದ್ದರಿಂದ ಮೊದಲು ಪ್ರತಿ ಡಿಸ್ಕ್‌ನ ಯಥಾಪ್ರತಿ ತೆಗೆದು, ಪ್ರಯೋಗವೇನಿದ್ದರೂ ಆ ಪ್ರತಿಯ ಮೇಲೆ ನಡೆಸಬೇಕು.

ಇನ್ನೊಂದು ಮಾತು. ತಪ್ಪಿ ಅಳಿಸಿದ ಕಡತವನ್ನು ರೇಡ್ ಮರಳಿ ಕೊಡದು. ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೊಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.