ಆಜ್ಞೆಯೂ ವಿವೇಕವೂ

ನೌಕಾಸೇನೆಗೆ ಆಜ್ಞೆಯೇ ಪ್ರಾಣ. ನೂರಾರು ಜನರನ್ನು ಹೊತ್ತ ಹಡಗಿನಲ್ಲಿ ಪ್ರತಿಯೊಬ್ಬನೂ ತನ್ನ ಮತವನ್ನೇ ಸಾಧಿಸಹೊರಟರೆ ಅದು ದಡ ಸೇರುವುದುಂಟೆ? ಆದರೆ ಅಧಿಪತಿಯ ಆಜ್ಞೆಯೇ ಪ್ರಮಾದವೆಂದು ಕಂಡಾಗ ಅಧೀನನ ಧರ್ಮವಾವುದು? ಈ ಧರ್ಮಸಂಕಟದಲ್ಲಿ ಆಂಗ್ಲೇಯರ ನೌಕಾಪಡೆಯು ೧೮೯೩ನೆಯ ಇಸವಿಯಲ್ಲಿ ತೆತ್ತ ಬೆಲೆಯು ವಾಚಕರು ಅರಿಯತಕ್ಕದ್ದಾಗಿದೆ.

ಆ ವರ್ಷದ ಜೂನ್ ೨೨ರಂದು ಅವರ ಮೆಡಿಟರೇನಿಯನ್ ಪಡೆಯು, ಈಗ ಲೆಬನಾನ್ ದೇಶಕ್ಕೆ ಸೇರಿರುವ ಟ್ರಿಪೊಲಿಯ ಬಳಿ, ಎರಡು ಸಾಲುಗಳಾಗಿ ಸಾಗುತ್ತಿದ್ದಿತು. ಒಂದು ಸಾಲಿನ ಮುಂದೆ ‘ವಿಕ್ಟೋರಿಯಾ’ ಎಂಬ ಯುದ್ಧನೌಕೆ. ಅದರಲ್ಲಿ ಮುಖ್ಯಾಧಿಪತಿ ಸರ್ ಜಾರ್ಜ್ ಟ್ರಯನ್. ಇನ್ನೊಂದರ ಮುಂದೆ ‘ಕ್ಯಾಂಪರ್‌ಡೌನ್’. ಅದರಲ್ಲಿ ಉಪಾಧಿಪತಿ ಆಲ್ಬರ್ಟ್ ಮಾರ್ಕಮ್. ಎರಡು ಸಾಲುಗಳೂ ಒಳಮುಖವಾಗಿ ತಿರುಗಿ ಬಂದ ದಾರಿಗೆ ಹಿಂದಿರುಗಬೇಕೆಂದು ಟ್ರಯನ್ ಆಜ್ಞಾಪಿಸಿದನು. ಸಾಲುಗಳ ನಡುವಣ ಅಂತರವು ೧೨೦೦ ಗಜ. ಒಂದೊಂದು ಹಡಗು ತಿರುಗುವುದಕ್ಕೇ ಸುಮಾರು ೮೦೦ ಗಜ ಬೇಕು. ಶಾಲೆಯ ಬಾಲಕನೂ ಮಾಡಬಲ್ಲ ಲೆಕ್ಕವಿದು! ಅಂತರವು ಹೆಚ್ಚಬೇಕೆಂದು ಅಧಿಕಾರಿಯೊಬ್ಬನು ಮೊದಲೇ ಸೂಚಿಸಿದ್ದನು. ಟ್ರಯನ್ ಹೌದೆಂದು ಒಪ್ಪಿದನು. ಬಳಿಕ ಹಳೆಯ ಅಂತರವನ್ನೇ ವಿಧಿಸಿದನು. ಕಾರಣವು ಇಂದಿಗೂ ನಿಗೂಢ.

ಮಾರ್ಕಮ್ ಸಂಶಯಗೊಂಡು, ಸಂಜ್ಞೆಯು ತನಗೆ ತಿಳಿಯಲಿಲ್ಲವೆಂಬುದರ ಗುರುತಾಗಿ ಬಾವುಟವನ್ನು ಅರ್ಧಕ್ಕೇ ಏರಿಸಿ ನಿಲ್ಲಿಸಿದನು. ಏತಕ್ಕಾಗಿ ಕಾಯುತ್ತಿರುವೆ ಎಂದು ಟ್ರಯನ್ ಸಮಸ್ತ ಪಡೆಯೂ ಕಾಣುವಂತೆ ಕೇಳಿಸಿದನು. ಮುಖ್ಯಾಧಿಪತಿಯು ತನ್ನ ಹಡಗನ್ನು ಹೊರಗಿನಿಂದ ಬಳಸಿ ಬರುವನೆಂದು ಊಹಿಸಿ ಮಾರ್ಕಮ್ ಒಪ್ಪಿದನು. ಕೆಲವೇ ನಿಮಿಷಗಳಲ್ಲಿ, ಶತ್ರುನೌಕೆಯನ್ನು ಇರಿಯಲೆಂದು ‘ಕ್ಯಾಂಪರ್‌ಡೌನ್’ ಮುಂಭಾಗದಲ್ಲಿ ಚಾಚಿದ್ದ ಉಕ್ಕಿನ ಕೊಂಬು ಸ್ವಪಕ್ಷದ ‘ವಿಕ್ಟೋರಿಯಾ’ವನ್ನೇ ಸೀಳಿತು. ಕಾಲು ಗಂಟೆಯೂ ಕಳೆಯುವಷ್ಟರಲ್ಲಿ ಆ ಮಹಾನೌಕೆಯು ಮುಳುಗಿತು. ಟ್ರಯನ್ ಸಹಿತ ೩೫೮ ಮಂದಿ ಜಲಸಮಾಧಿಯಾದರು. ೨೦೦೪ರಲ್ಲಿ ಶೋಧಕರು ಕಂಡಾಗ ಅದು ಕೆಸರಿನಲ್ಲಿ ಮುಂಭಾಗವನ್ನು ಹೂತು ನೆಟ್ಟಗೆ ನಿಂತಿದ್ದಿತು.

ವಿಧಿಯ ಅಣಕವನ್ನು ನೋಡಿರಿ: ಸಂಜ್ಞೆಗಳನ್ನೇ ನೆಚ್ಚದೆ ಸ್ವಂತ ವಿವೇಕದಿಂದ ನಡೆಯಬೇಕೆಂದು ಕಪ್ತಾನರಿಗೆ ಕಲಿಸುತ್ತಿದ್ದವನು ಈ ಟ್ರಯನ್ನೇ!

ಜುಲೈ ತಿಂಗಳಲ್ಲಿ ಮಾಲ್ಟಾದಲ್ಲಿ ಕೂಡಿದ ಸೈನಿಕ ನ್ಯಾಯಸಭೆಯು ತಪ್ಪು ಟ್ರಯನ್ನನದೇ ಎಂದಿತು. ಮಾರ್ಕಮ್ ತನ್ನ ಸಂಶಯವನ್ನು ಸ್ಪಷ್ಟವಾಗಿ ತಿಳಿಸದೆ ಹೋದುದಕ್ಕೆ ವಿಷಾದಿಸಿತು. ಆದರೆ ಎದುರಿಗಿದ್ದ ಅಧಿಪತಿಯ ಆಜ್ಞೆಯನ್ನು ಪಾಲಿಸಿದವನನ್ನು ದೂಷಿಸಿದರೆ ನೌಕಾಸೇವೆಗೇ ಹಾನಿಯೆಂದಿತು.

ಈ ತೀರ್ಪಿನಲ್ಲಿ ಒಂದು ಸೂಕ್ಷ್ಮವಿದೆ. ಆಜ್ಞೆಯನ್ನು ಮೀರುವುದು ಬೇರೆ, ಪ್ರಶ್ನಿಸುವುದು ಬೇರೆ. ಅರ್ಧಕ್ಕೆ ನಿಂತ ಬಾವುಟವು ಪ್ರಶ್ನೆಯೇ ಆಗಿದ್ದಿತು. ಎಲ್ಲರೆದುರಿನ ಒಂದು ಗದರಿಕೆಯು ಅದನ್ನು ಅಡಗಿಸಿತು. ಧೃತರಾಷ್ಟ್ರನಿಗೆ ಹಿತವನ್ನಾಡಲು ವಿದುರನಿದ್ದನು, ಕೇಳುವ ಕಿವಿಯಿರಲಿಲ್ಲ. ನಮ್ಮ ಮನೆಗಳಲ್ಲಿಯೂ ಯಜಮಾನನ ಲೆಕ್ಕವು ತಪ್ಪಿದುದನ್ನು ಕಂಡು ಕಿರಿಯರು ತಡೆದು ನಿಲ್ಲುವುದುಂಟು. ಆ ಕ್ಷಣದಲ್ಲಿ ಏಕೆ ನಿಂತೆ ಎಂದು ಗದರುವ ಬದಲು, ಏನನ್ನು ಕಂಡೆ ಎಂದು ಕೇಳುವವನೇ ಹಿರಿಯನು.