ಪರ್ಲ್ ಭಾಷೆ ಮತ್ತು ಕನ್ನಡ ಪಠ್ಯದ ಎಣಿಕೆ: ಪ್ರಾರಂಭಿಕರಿಗೆ ಕೆಲವು ಸೂಚನೆಗಳು

ಕನ್ನಡ ಸಂಶೋಧನೆಯಲ್ಲಿ ಎಣಿಕೆ ಹೊಸತಲ್ಲ. ಒಂದು ಕಾವ್ಯದಲ್ಲಿ ಒಂದು ಪದ ಎಷ್ಟು ಬಾರಿ ಬಂದಿದೆ, ಕವಿ ಱ, ೞ ಅಕ್ಷರಗಳನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡಿದ್ದಾನೆ ಎಂಬ ಪ್ರಶ್ನೆಗಳಿಗೆ ವಿದ್ವಾಂಸರು ಚೀಟಿಗಳನ್ನು ಬರೆದಿಟ್ಟು ಉತ್ತರ ಹುಡುಕಿದ್ದಾರೆ. ಆ ಕೆಲಸವನ್ನು ಗಣಕಯಂತ್ರ ಕ್ಷಣಗಳಲ್ಲಿ ಮಾಡಬಲ್ಲದು. ಆದರೆ ಅಕ್ಷರ ಎಂದರೇನು, ಪದ ಎಂದರೇನು ಎಂಬುದನ್ನು ಮೊದಲು ಯಂತ್ರಕ್ಕೆ ತಿಳಿಸದಿದ್ದರೆ ದೊರೆಯುವ ಅಂಕಿಗಳು ಅಚ್ಚುಕಟ್ಟಾಗಿ ಕಂಡರೂ ತಪ್ಪಾಗಿರುತ್ತವೆ. ಪರ್ಲ್ ಭಾಷೆಯನ್ನು ಹೊಸದಾಗಿ ಬಳಸುವವರಿಗೆ ಈ ಅಂಶವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರ್ಲ್ ಭಾಷೆಯನ್ನು ಅಮೆರಿಕದ ಲ್ಯಾರಿ ವಾಲ್ 1987ರಲ್ಲಿ ಬಿಡುಗಡೆ ಮಾಡಿದರು. ಅವರು ಭಾಷಾವಿಜ್ಞಾನವನ್ನೂ ಅಭ್ಯಾಸ ಮಾಡಿದವರು. ಪಠ್ಯವನ್ನು ಓದಿ, ಬಿಡಿಸಿ, ವರದಿ ಸಿದ್ಧಪಡಿಸುವುದು ಈ ಭಾಷೆಯ ಮೂಲ ಉದ್ದೇಶ. ಸಂಶೋಧಕನಿಗೆ ಇದರಲ್ಲಿ ಎರಡು ಸಾಧನಗಳು ಮುಖ್ಯ. ಒಂದು, ಪಠ್ಯದಲ್ಲಿ ನಿರ್ದಿಷ್ಟ ರೂಪಗಳನ್ನು ಗುರುತಿಸುವ ರೆಗ್ಯುಲರ್ ಎಕ್ಸ್‌ಪ್ರೆಷನ್. ಇನ್ನೊಂದು, ಪ್ರತಿ ಪದಕ್ಕೂ ಒಂದು ಬೆಲೆಯನ್ನು ಜೋಡಿಸಿಡುವ ಹ್ಯಾಷ್. ಇದನ್ನು ಚೀಟಿಗಳ ಪೆಟ್ಟಿಗೆಗೆ ಹೋಲಿಸಬಹುದು. ಕಡತವನ್ನು ಸಾಲುಸಾಲಾಗಿ ಓದಿ, ಪದಗಳಾಗಿ ಒಡೆದು, ಪದ ಬಂದಾಗಲೆಲ್ಲ ಅದರ ಬೆಲೆಗೆ ಒಂದನ್ನು ಕೂಡಿಸಿದರೆ ಪದಾವೃತ್ತಿಯ ಪಟ್ಟಿ ಸಿದ್ಧವಾಗುತ್ತದೆ. ಇದಕ್ಕೆ ಹತ್ತು ಸಾಲಿನ ಕ್ರಮವಿಧಿ ಸಾಕು.

ಮೊದಲ ತೊಡಕು ಅಕ್ಷರದ್ದು. ‘ಕನ್ನಡ’ ಎಂಬ ಪದದಲ್ಲಿ ಓದುಗನಿಗೆ ಮೂರು ಅಕ್ಷರಗಳಿವೆ. ಯೂನಿಕೋಡ್‌ನಲ್ಲಿ ಅದು ಕ, ನ, ಹಲಂತ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಾಗಿ ನಿಲ್ಲುತ್ತದೆ. ಯುಟಿಎಫ್-8 ಕಡತದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್‌ಗಳು ಬೇಕಾಗುವುದರಿಂದ ಒಟ್ಟು 15 ಬೈಟ್‌ಗಳಾಗುತ್ತವೆ. ಕಡತ ಯಾವ ಸಂಕೇತಕ್ರಮದಲ್ಲಿದೆ ಎಂದು ತಿಳಿಸದಿದ್ದರೆ ಪರ್ಲ್ ಈ ಪದದ ಉದ್ದವನ್ನು 15 ಎಂದೇ ಹೇಳುತ್ತದೆ. 2002ರ 5.8ನೆಯ ಆವೃತ್ತಿಯಿಂದ ಯೂನಿಕೋಡ್ ಬೆಂಬಲ ಗಟ್ಟಿಯಾಗಿದೆ. ಆದರೂ ಕಡತವನ್ನು ತೆರೆಯುವಾಗ ಮತ್ತು ಫಲಿತಾಂಶವನ್ನು ಬರೆಯುವಾಗ ಯುಟಿಎಫ್-8 ಎಂದು ಸೂಚಿಸುವ ಹೊಣೆ ಬಳಸುವವನದೇ. ಕ್ರಮವಿಧಿಯೊಳಗೇ ಕನ್ನಡ ಅಕ್ಷರಗಳಿದ್ದರೆ ಅದನ್ನೂ ಪ್ರತ್ಯೇಕವಾಗಿ ತಿಳಿಸಬೇಕು.

ಹೀಗೆ ತಿಳಿಸಿದ ಮೇಲೂ ಉದ್ದ ಐದಾಗುತ್ತದೆಯೇ ಹೊರತು ಮೂರಾಗುವುದಿಲ್ಲ. ಒತ್ತಕ್ಷರವನ್ನು ಒಂದಾಗಿ ಹಿಡಿಯಲು ಸೂತ್ರವನ್ನು ಸ್ವತಃ ರಚಿಸಬೇಕು: ಒಂದು ವ್ಯಂಜನ, ಅನಂತರ ಹಲಂತ ಹಾಗೂ ವ್ಯಂಜನದ ಜೋಡಿ, ಎಷ್ಟು ಬಾರಿಯಾದರೂ, ಅನಂತರ ಇದ್ದರೆ ಸ್ವರಚಿಹ್ನೆ ಅಥವಾ ಹಲಂತ, ಕೊನೆಗೆ ಇದ್ದರೆ ಅನುಸ್ವಾರ ಅಥವಾ ವಿಸರ್ಗ. ಪದಾದಿಯ ಸ್ವರಗಳಿಗೆ ಬೇರೆ ಸೂತ್ರ ಬೇಕು. ಛಂದಸ್ಸಿನ ಅಧ್ಯಯನಕ್ಕೆ ಇದು ಅನಿವಾರ್ಯ. ‘ಕನ್ನಡ’ದ ಕಕಾರ ಒತ್ತಕ್ಷರದ ಹಿಂದಿರುವುದರಿಂದ ಗುರು. ಒತ್ತಕ್ಷರವನ್ನೇ ಗುರುತಿಸದ ಕ್ರಮವಿಧಿ ಇದನ್ನು ಲಘುವೆಂದು ಎಣಿಸೀತು. ಇಲ್ಲಿ ಇನ್ನೊಂದು ಎಚ್ಚರ ಅಗತ್ಯ. ವ್ಯಂಜನಗಳನ್ನು ‘ಕ’ದಿಂದ ‘ಹ’ದವರೆಗೆ ಎಂದು ಸೂಚಿಸಿದರೆ ಱ ಒಳಗೆ ಬರುತ್ತದೆ, ೞ ಹೊರಗುಳಿಯುತ್ತದೆ. ಯೂನಿಕೋಡ್‌ನಲ್ಲಿ ೞ ಅಕ್ಷರದ ಸ್ಥಾನ ಸ್ವರಚಿಹ್ನೆಗಳ ನಂತರ ಇರುವುದೇ ಇದಕ್ಕೆ ಕಾರಣ. ಹಳಗನ್ನಡದ ಪಠ್ಯದಲ್ಲಿ ೞಕಾರವೇ ಇಲ್ಲವೆಂಬ ತೀರ್ಮಾನ ಇಂತಹ ಒಂದು ಸಾಲಿನಿಂದ ಹುಟ್ಟಬಹುದು.

ಎರಡನೆಯ ತೊಡಕು, ಕಣ್ಣಿಗೆ ಒಂದೇ ಆಗಿದ್ದು ಯಂತ್ರಕ್ಕೆ ಬೇರೆಯಾಗಿರುವ ರೂಪಗಳದು. ಬೆರಳಚ್ಚಿನಲ್ಲಿ ಅನುಸ್ವಾರದ ಬದಲು ಕನ್ನಡದ ಸೊನ್ನೆ ಬಿದ್ದಿದ್ದರೆ ಓದುಗನಿಗೆ ಗೊತ್ತಾಗದು. ಹ್ಯಾಷ್ ಮಾತ್ರ ಅದನ್ನು ಎರಡು ಪದವಾಗಿ ದಾಖಲಿಸುತ್ತದೆ. ಒತ್ತು ಮೂಡದಂತೆ ತಡೆಯುವ ಅದೃಶ್ಯ ಚಿಹ್ನೆ ಪದಾಂತ್ಯದಲ್ಲಿ ಉಳಿದಾಗಲೂ ಹೀಗೆಯೇ. ಓಕಾರದ ಚಿಹ್ನೆ ಒಂದು ಕಡತದಲ್ಲಿ ಒಂದೇ ಸಂಕೇತವಾಗಿ, ಇನ್ನೊಂದರಲ್ಲಿ ಮೂರು ತುಂಡುಗಳಾಗಿ ಇರಬಹುದು. ಈ ಕೊನೆಯ ದೋಷವನ್ನು ಪರ್ಲ್ ಜೊತೆಗೇ ಬರುವ ‘ಯೂನಿಕೋಡ್ ನಾರ್ಮಲೈಸ್’ ಘಟಕ ನಿವಾರಿಸುತ್ತದೆ. ಉಳಿದವನ್ನು ಎಣಿಕೆಗೆ ಮೊದಲೇ ಬದಲಾವಣೆಯ ಸೂತ್ರಗಳಿಂದ ತಿದ್ದಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿರುವ ಪಠ್ಯವನ್ನಂತೂ ಯೂನಿಕೋಡಿಗೆ ಪರಿವರ್ತಿಸದೆ ಎಣಿಸುವಂತಿಲ್ಲ. ಅಲ್ಲಿ ದಾಖಲಾಗಿರುವುದು ಅಕ್ಷರವಲ್ಲ, ಅದರ ಆಕಾರದ ತುಂಡುಗಳು. ಅರ್ಕಾವತ್ತು ವ್ಯಂಜನದ ನಂತರ ಬರುವುದರಿಂದ ಪರಿವರ್ತನೆಯಲ್ಲಿ ಸ್ಥಾನವನ್ನೂ ಬದಲಿಸಬೇಕಾಗುತ್ತದೆ.

ಮೂರನೆಯದು ಅಕಾರಾದಿ ಕ್ರಮ. ಪರ್ಲ್‌ನ ‘ಸಾರ್ಟ್’ ಆಜ್ಞೆ ಸಂಕೇತಗಳ ಕ್ರಮಸಂಖ್ಯೆಯನ್ನು ಅನುಸರಿಸುತ್ತದೆ. ಆದ್ದರಿಂದ ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳಕಾರ ಲ, ವಗಳ ನಡುವೆ ನಿಲ್ಲುತ್ತದೆ. ‘ಬೞಿ’ ಪದ ‘ಬ್ರಹ್ಮ’ದ ನಂತರ ಬರುತ್ತದೆ. ಪದಸೂಚಿ ಸಿದ್ಧಪಡಿಸುವವರು ತಮ್ಮ ವರ್ಣಕ್ರಮವನ್ನು ಪಟ್ಟಿಯಾಗಿ ಕೊಟ್ಟು ವಿಂಗಡಿಸುವುದು ಸೂಕ್ತ.

ಇಷ್ಟಾದ ಮೇಲೂ ಯಂತ್ರ ‘ಮರ’, ‘ಮರದ’, ‘ಮರಕ್ಕೆ’ ರೂಪಗಳನ್ನು ಮೂರು ಪದಗಳೆಂದೇ ಎಣಿಸುತ್ತದೆ. ಅವು ಒಂದೇ ಪ್ರಕೃತಿಯ ರೂಪಗಳೆಂಬುದು ವ್ಯಾಕರಣ ಬಲ್ಲವನ ನಿರ್ಣಯ. ಆದ್ದರಿಂದ ಪ್ರಾರಂಭಿಕರು ಮೊದಲು ಒಂದು ಪುಟವನ್ನು ಕೈಯಿಂದ ಎಣಿಸಿ, ಅದೇ ಪುಟದ ಯಂತ್ರದ ಎಣಿಕೆಯೊಂದಿಗೆ ಹೋಲಿಸಬೇಕು. ಎರಡೂ ಹೊಂದಿದ ಮೇಲೆಯೇ ಇಡೀ ಗ್ರಂಥವನ್ನು ಯಂತ್ರಕ್ಕೆ ಒಪ್ಪಿಸುವುದು ಉಚಿತ. ಪ್ರಕಟಿಸುವಾಗ ಅಂಕಿಗಳ ಜೊತೆಗೆ ಅಕ್ಷರ ಹಾಗೂ ಪದಗಳನ್ನು ಗುರುತಿಸಿದ ಸೂತ್ರವನ್ನೂ ಕೊಟ್ಟರೆ ಮುಂದಿನ ಸಂಶೋಧಕರು ಆ ಫಲಿತಾಂಶವನ್ನು ಪರೀಕ್ಷಿಸಲು ಸಾಧ್ಯವಾಗುತ್ತದೆ.