ಫಿಂಜಾನ್ ಅಲುಗಿಸುವ ತನಕ

ಕತಾರಿನ ಮನೆಗಳಲ್ಲಿ ಅತಿಥಿಗೆ ಕಾಫಿ ಕೊಡುವ ಕ್ರಮ ರಕ್ತಗತವಾಗಿಬಿಟ್ಟ ರೂಢಿ. ಉದ್ದ ಕೊಕ್ಕಿನ ಹೂಜಿ ‘ದಲ್ಲಾ’ ಕೊಡುವವರ ಎಡಗೈಯಲ್ಲಿರುತ್ತದೆ, ಹಿಡಿಯಿಲ್ಲದ ಪುಟ್ಟ ಬಟ್ಟಲು ‘ಫಿಂಜಾನ್’ ಬಲಗೈಯಲ್ಲಿ. ಮೊದಲ ಬಟ್ಟಲು ಮುಖ್ಯ ಅತಿಥಿಗೆ, ಇಲ್ಲವೇ ಎಲ್ಲರಿಗಿಂತ ಹಿರಿಯರಿಗೆ. ತುಂಬುವುದು ಕಾಲು ಭಾಗ ಮಾತ್ರ. ಒಂದು ಬಟ್ಟಲಾದರೂ ಕುಡಿಯುವುದು ಮರ್ಯಾದೆ, ಮೂರು ದಾಟುವುದು ಮರ್ಯಾದೆಯಲ್ಲ. ಸಾಕೆನಿಸಿದಾಗ ಬಾಯಿ ಬಿಟ್ಟು ಹೇಳಬೇಕಿಲ್ಲ, ಬಟ್ಟಲನ್ನು ಮೆಲ್ಲಗೆ ಅಲುಗಿಸಿ ಹಿಂದಿರುಗಿಸಿದರಾಯಿತು. ಸುಮ್ಮನೆ ಮುಂದೆ ಹಿಡಿದರೆ ಮತ್ತೆ ಕಾಫಿ ಬೀಳುತ್ತದೆ.

ಈ ಕಾಫಿಗೆ ಹಾಲಿಲ್ಲ, ಸಕ್ಕರೆಯೂ ಇಲ್ಲ. ಹದವಾಗಿ ಹುರಿದ ಬೀಜಕ್ಕೆ ಏಲಕ್ಕಿ, ಕೆಲವೆಡೆ ಕೇಸರಿ ಸೇರಿಸಿ ಕುದಿಸಿದ ಹೊನ್ನಬಣ್ಣದ ಕಷಾಯ. ಜೊತೆಗೆ ಖರ್ಜೂರ. ಚಿಕೋರಿ ಬೆರೆತ ಗಟ್ಟಿ ಕಾಫಿಗೆ ಒಗ್ಗಿದ ಕನ್ನಡಿಗರ ನಾಲಿಗೆಗೆ ಇದು ಬೇರೆಯೇ ಪಾನೀಯ. ಆದರೆ ಚಂದ್ರದ್ರೋಣ ಗಿರಿಗೆ ಬಾಬಾಬುಡನ್ ತಂದರೆಂದು ಜನ ನಂಬಿರುವ ಬೀಜವೂ ಅರಬ್ ನೆಲದ್ದೇ, ಯೆಮೆನ್‌ನದ್ದು.

ಈ ರೂಢಿಯನ್ನು ಕಾಪಾಡಿದ್ದು ಮಜ್ಲಿಸ್. ನೆಂಟರು, ನೆರೆಹೊರೆಯವರು ಕೂತು ಸುದ್ದಿ ಮಾತಾಡುವ, ಮದುವೆ ಕುದುರಿಸುವ, ಜಗಳ ಬಗೆಹರಿಸುವ, ಸಾವಿನ ಮನೆಯವರಿಗೆ ಸಾಂತ್ವನ ಹೇಳುವ ಜಾಗ ಅದು. ನಮ್ಮ ಹಳ್ಳಿಯ ಜಗಲಿಕಟ್ಟೆಯ ಹಾಗೆ. ಈ ನಡುವೆ ಕತಾರಿನ ಬದುಕೇ ಬದಲಾಯಿತು. ಅಲ್ಲಿನ ಮುತ್ತಿನ ವ್ಯಾಪಾರ ಕುಸಿಯಿತು. 1939ರಲ್ಲಿ ದುಖಾನ್‌ನಲ್ಲಿ ತೈಲ ಸಿಕ್ಕಿತು, 1949ರ ಕೊನೆಗೆ ರಫ್ತು ಶುರುವಾಯಿತು. ಗುಡಾರ, ಮಣ್ಣಿನ ಗೋಡೆಗಳ ಜಾಗದಲ್ಲಿ ಹವಾನಿಯಂತ್ರಿತ ಬಂಗಲೆಗಳೆದ್ದವು. ಆ ಬಂಗಲೆಗಳಲ್ಲೂ ಮಜ್ಲಿಸ್‌ಗೆ ಪ್ರತ್ಯೇಕ ಕೋಣೆ ಇದೆ, ಎಷ್ಟೋ ಕಡೆ ಪ್ರತ್ಯೇಕ ಬಾಗಿಲೂ ಇದೆ. ಹಿರಿಯರ ಪಕ್ಕ ಕೂತ ಮಕ್ಕಳು ಯಾರು ಮೊದಲು ಮಾತಾಡಬೇಕು, ಯಾರಿಗೆ ಎದ್ದು ನಿಲ್ಲಬೇಕು ಎಂಬುದನ್ನು ನೋಡಿಯೇ ಕಲಿಯುತ್ತಾರೆ. ಶಾಲೆಯಲ್ಲಿ ಕಲಿತದ್ದು ಮರೆತೀತು, ಹೀಗೆ ಕೈಗೆ ಹತ್ತಿದ್ದು ಮರೆಯುವುದು ಕಷ್ಟ. 2015ರಲ್ಲಿ ಯುನೆಸ್ಕೊ ಅರಬ್ ಕಾಫಿಯನ್ನೂ ಮಜ್ಲಿಸ್ಸನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕತಾರ್, ಸೌದಿ ಅರೇಬಿಯಾ, ಒಮಾನ್, ಯುಎಇ ನಾಲ್ಕೂ ಸೇರಿ ಸಲ್ಲಿಸಿದ್ದ ಕೋರಿಕೆಗಳು ಅವು.

ಬೇರೂರಲು ಎಲ್ಲ ರೂಢಿಗೂ ಶತಮಾನಗಳು ಬೇಕಿಲ್ಲ. ದುಡಿಯಲು ಬಂದ ಭಾರತ, ಪಾಕಿಸ್ತಾನದವರ ಖಡಕ್ ಚಹಾ ಇಲ್ಲಿ ‘ಕರಕ್’ ಆಗಿ, ಡಬ್ಬದ ಹಾಲು, ಏಲಕ್ಕಿ, ಧಾರಾಳ ಸಕ್ಕರೆಯೊಂದಿಗೆ ಕತಾರಿಗಳ ದಿನಚರಿಗೇ ಸೇರಿಹೋಗಿದೆ. ದೋಹಾದಲ್ಲಿ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಒತ್ತಿದರೆ ಹುಡುಗ ಬಂದು ಆರ್ಡರ್ ತೆಗೆದುಕೊಳ್ಳುತ್ತಾನೆ. ದುಬಾರಿ ಕಾರಿನ ಒಡೆಯನೂ ಮಂಗಳೂರಿನ ಚಾಲಕನೂ ಕುಡಿಯುವುದು ಅದೇ ಕಾಗದದ ಲೋಟದ ಕರಕ್.